ಓರಿಯನ್ ನೀಹಾರಿಕೆಯ ಎಳೆಯ ತಾರೆಗಳ ಎಕ್ಸ್-ರೇ ದತ್ತಾಂಶ: ಕಡತ ಇಳಿಸುವುದರಿಂದ ಅಂತಿಮ ಪಟ್ಟಿಯವರೆಗೆ ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯದ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆಂದು ಮಾಡಿ ತೋರಿಸುವ ಎಕ್ಸ್-ರೇ ವಿಶ್ಲೇಷಣೆಗಳಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಕಾಣಿಸುತ್ತದೆ. ರೋಹಿತ ಇರುತ್ತದೆ, ಅದರ ಮೇಲೆ ಮಾದರಿಯ ಗೆರೆ ಅಂದವಾಗಿ ಕುಳಿತಿರುತ್ತದೆ, ಅನಿಲದ ತಾಪ ಇಷ್ಟು ಕೋಟಿ ಡಿಗ್ರಿ ಎಂಬ ಅಂಕಿಯೂ ಇರುತ್ತದೆ. ಈ ಬೆಳಕು ಒಂದೇ ತಾರೆಯದೋ, ಅಂಟಿಕೊಂಡಂತಿರುವ ಎರಡರದೋ, ನೀಹಾರಿಕೆಯ ಆಚೆಗಿರುವ ಯಾವುದೋ ಗ್ಯಾಲಕ್ಸಿಯದೋ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಕಾರಣ ಜಾಣ್ಮೆಯ ಕೊರತೆಯಲ್ಲ. ಕೆಲಸದ ಕ್ರಮ ತಲೆಕೆಳಗಾಗಿದೆ, ಅಷ್ಟೆ. ರೋಹಿತಕ್ಕೆ ಮಾದರಿ ಹೊಂದಿಸುವುದು ಈ ಕೆಲಸದ ಬಹುತೇಕ ಕೊನೆಯ ಹಂತ. ಅದನ್ನೇ ಮೊದಲು ಮಾಡಿದರೆ ಹಿಂದಿನ ಎಲ್ಲ ತಪ್ಪುಗಳೂ ಆ ಒಂದು ಗೆರೆಯೊಳಗೆ ಅಡಗಿ ಕುಳಿತುಬಿಡುತ್ತವೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಆದೇಶಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿಗೆ ಕೊಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಎರಡು ಪದಗಳ ನಡುವೆ ಅಡಿಗೆರೆ ಹಾಕಿ ಟೈಪ್ ಮಾಡಬೇಕು.

## ಹಂತ 1: ಕಂಪ್ಯೂಟರ್, ತಂತ್ರಾಂಶ, ವಿದ್ಯುತ್ತು

ಬೇಕಾಗುವುದು ಮೂರು: ನಾಸಾದ ಎಕ್ಸ್-ರೇ ಉಪಗ್ರಹವಾದ ‘ಚಂದ್ರ’ ದೂರದರ್ಶಕದ ದತ್ತಾಂಶಕ್ಕೆಂದೇ ರೂಪಿಸಿರುವ ‘ಸಿಯಾವೋ’ ತಂತ್ರಾಂಶ, ಅದರ ಜೊತೆಗೆ ಬರುವ ಮಾಪನಾಂಕಗಳ ಭಂಡಾರ ‘ಕ್ಯಾಲ್‌ಡಿಬಿ’, ಚಿತ್ರ ನೋಡಲು ‘ಡಿಎಸ್9’. ಮೂರೂ ಉಚಿತ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ನೇರವಾಗಿ ನಡೆಯುತ್ತವೆ. ವಿಂಡೋಸ್ ಇದ್ದವರು ಅದರೊಳಗೇ ಲಿನಕ್ಸ್ ಪರಿಸರ ಹಾಕಿಕೊಳ್ಳಬೇಕು. ‘ಕೊಂಡಾ’ ಮೂಲಕ ಅನುಸ್ಥಾಪಿಸಿ, ಇದಕ್ಕೆಂದೇ ಪ್ರತ್ಯೇಕ ಪರಿಸರ ಮಾಡಿಕೊಳ್ಳಿ. ಬೇರೆ ಕೋರ್ಸಿಗೆ ಹಾಕಿಕೊಂಡ ಪೈಥಾನ್ ಜೊತೆ ಬೆರೆಸಿದರೆ ಎರಡೂ ಕೆಡುತ್ತವೆ.

‘ಸಿಯಾವೋವರ್’ ಎಂಬ ಆದೇಶ ಕೊಟ್ಟು ತಂತ್ರಾಂಶದ ಮತ್ತು ಕ್ಯಾಲ್‌ಡಿಬಿಯ ಆವೃತ್ತಿಗಳೆರಡೂ ಕಾಣುತ್ತವೆಯೇ ನೋಡಿ, ಆ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಕ್ಯಾಲ್‌ಡಿಬಿ ಹಳೆಯದಾದರೆ ಆಗುವ ಹಾನಿ ಕಣ್ಣಿಗೆ ಬೀಳುವುದಿಲ್ಲ. ಚಂದ್ರದಲ್ಲಿ ಎಕ್ಸ್-ರೇ ಚಿತ್ರ ತೆಗೆಯುವ ಏಸಿಸ್ ಉಪಕರಣದ ಮುಂದಿರುವ ಶೋಧಕ ಪದರದ ಮೇಲೆ ವರ್ಷಗಳಿಂದ ಕಶ್ಮಲ ಸೇರುತ್ತಾ ಬಂದಿದೆ. ಅದು ಕಡಿಮೆ ಶಕ್ತಿಯ ಎಕ್ಸ್-ರೇಗಳನ್ನು ಹೀರುತ್ತದೆ. ಆ ಹೀರಿಕೆಯ ಲೆಕ್ಕ ಇರುವುದು ಕ್ಯಾಲ್‌ಡಿಬಿಯಲ್ಲಿ. ಹಳೆಯ ಆವೃತ್ತಿ ಇಟ್ಟುಕೊಂಡು ಹೊಸ ವೀಕ್ಷಣೆಯನ್ನು ವಿಶ್ಲೇಷಿಸಿದರೆ, ದೂರದರ್ಶಕದ ಮೇಲಿನ ಕೊಳೆಯನ್ನೇ ನೀಹಾರಿಕೆಯ ಧೂಳೆಂದು ಬರೆದುಬಿಡುತ್ತೀರಿ.

ಡಿಸ್ಕಿನಲ್ಲಿ 50 ಗಿಗಾಬೈಟ್ ಖಾಲಿ ಇದ್ದರೆ ನೆಮ್ಮದಿ. ಮೆಮೊರಿ 8 ಗಿಗಾಬೈಟ್ ಇದ್ದರೂ ಒಂದು ವೀಕ್ಷಣೆಯನ್ನು ನಿಭಾಯಿಸಬಹುದು. ಕೆಲವು ಆದೇಶಗಳು ಗಂಟೆಗಟ್ಟಲೆ ಓಡುತ್ತವೆ. ಮಂಡ್ಯದ ಕಡೆ ಬೇಸಿಗೆಯ ಮಧ್ಯಾಹ್ನ ವಿದ್ಯುತ್ ಹೋಗುವುದು ಹೊಸದೇನಲ್ಲ; ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಉದ್ದದ ಕೆಲಸ ಹಚ್ಚಬೇಡಿ. ಅರ್ಧಕ್ಕೆ ನಿಂತ ಆದೇಶ ಅರ್ಧ ಬರೆದ ಕಡತವನ್ನು ಬಿಟ್ಟುಹೋಗುತ್ತದೆ. ಮರುದಿನ ಅದು ಪೂರ್ತಿಯಾದ ಕಡತದಂತೆಯೇ ಕಾಣುತ್ತದೆ, ಮೋಸ ಆಗುವುದು ಅಲ್ಲಿಯೇ.

## ಹಂತ 2: ಯಾವ ದೂರದರ್ಶಕ, ಯಾವ ವೀಕ್ಷಣೆ

ಎಕ್ಸ್-ರೇ ವಾತಾವರಣ ದಾಟಿ ನೆಲಕ್ಕೆ ಬರುವುದಿಲ್ಲ, ಹಾಗಾಗಿ ದತ್ತಾಂಶವೆಲ್ಲ ಉಪಗ್ರಹಗಳದ್ದೇ. ಆದರೆ ಎಲ್ಲ ಉಪಗ್ರಹಗಳೂ ಈ ಕೆಲಸಕ್ಕೆ ಒದಗುವುದಿಲ್ಲ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಆಸ್ಟ್ರೋಸ್ಯಾಟ್‌ನ ದತ್ತಾಂಶ ಬಳಸಬೇಕೆಂಬ ಆಸೆ ಅನೇಕರಿಗೆ ಇರುತ್ತದೆ, ಅದು ಸಹಜವೇ. ಆದರೆ ಅದರ ಮೃದು ಎಕ್ಸ್-ರೇ ದೂರದರ್ಶಕದಲ್ಲಿ ಒಂದು ಬಿಂದುವಿನ ಬೆಳಕು ಸುಮಾರು 2 ಆರ್ಕ್‌ಮಿನಿಟಿನಷ್ಟು (ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ 60ರಲ್ಲೊಂದು ಭಾಗ, ಆರ್ಕ್‌ಸೆಕೆಂಡ್ ಅದರ 60ರಲ್ಲೊಂದು) ಹರಡಿಕೊಳ್ಳುತ್ತದೆ. ಓರಿಯನ್ ನೀಹಾರಿಕೆಯ ನಟ್ಟನಡುವಿನಲ್ಲಿ ಅಷ್ಟು ಜಾಗದಲ್ಲಿ ನೂರಾರು ತಾರೆಗಳಿವೆ. ಚಾಮುಂಡಿ ಬೆಟ್ಟದ ಮೇಲಿನಿಂದ ದಸರೆಯ ಅರಮನೆಯನ್ನು ನೋಡಿದರೆ ಒಂದೇ ಹೊಂಬೆಳಕು, ಬಲರಾಮ ದ್ವಾರದ ಬಳಿ ನಿಂತರೆ ಒಂದೊಂದು ಬಲ್ಬೂ ಬೇರೆ. ವ್ಯತ್ಯಾಸ ಆ ಬಗೆಯದು. ಒಂಟಿಯಾಗಿರುವ ಪ್ರಖರ ಮೂಲಗಳಿಗೆ ಆಸ್ಟ್ರೋಸ್ಯಾಟ್ ಒಳ್ಳೆಯದು. ಕಿಕ್ಕಿರಿದ ತಾರಾಗುಚ್ಛಕ್ಕೆ ಸುಮಾರು ಅರ್ಧ ಆರ್ಕ್‌ಸೆಕೆಂಡಿನ ವಿವರ ತೋರಿಸುವ ಚಂದ್ರವೇ ಬೇಕು.

ಚಂದ್ರದ ದತ್ತಾಂಶ ಭಂಡಾರದ ಹುಡುಕಾಟ ಪುಟದ ಹೆಸರು ‘ಚೇಸರ್’. ಅಲ್ಲಿ ಓರಿಯನ್ ಎಂದು ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ: ಒಡ್ಡಿಕೆಯ ಸಮಯ, ಅಂದರೆ ದೂರದರ್ಶಕ ಆ ಕಡೆ ನೋಡುತ್ತಿದ್ದ ಹೊತ್ತು, ಹೆಚ್ಚಿರುವುದನ್ನು ನೋಡಿ ಆರಿಸಿಬಿಡುತ್ತಾರೆ. ‘ಗ್ರೇಟಿಂಗ್’ ಎಂಬ ಕಂಬಸಾಲನ್ನು ಮೊದಲು ನೋಡಿ. ಅಲ್ಲಿ ‘ನನ್’ ಎಂದೇ ಇರಬೇಕು. ಈ ನೀಹಾರಿಕೆಯನ್ನು ಗ್ರೇಟಿಂಗ್ (ಬೆಳಕನ್ನು ರೋಹಿತವಾಗಿ ಚದುರಿಸುವ ಸೂಕ್ಷ್ಮ ಜಾಲರಿ) ಅಡ್ಡವಿಟ್ಟು ನೋಡಿದ ವೀಕ್ಷಣೆಗಳೂ ಇವೆ. ಅವುಗಳ ಚಿತ್ರ ತೆರೆದರೆ ಪ್ರಖರ ತಾರೆಯಿಂದ ಗುಣಾಕಾರದ ಚಿಹ್ನೆಯಂತೆ ನಾಲ್ಕು ಕಡೆ ಚಾಚಿದ ಗೆರೆಗಳು ಕಾಣುತ್ತವೆ. ಅದು ನೀಹಾರಿಕೆಯ ರಚನೆಯಲ್ಲ, ಚದುರಿದ ರೋಹಿತ. ಹಾಗೆ ಕಂಡರೆ ಆ ವೀಕ್ಷಣೆಯನ್ನು ಬದಿಗಿಡಿ.

ಅಭ್ಯಾಸಕ್ಕೆ ನನ್ನ ಸಲಹೆ 2003ರ ಜನವರಿಯಲ್ಲಿ ನಡೆದ ‘ಚಂದ್ರ ಓರಿಯನ್ ಅಲ್ಟ್ರಾಡೀಪ್ ಪ್ರಾಜೆಕ್ಟ್’, ಚಿಕ್ಕದಾಗಿ ‘ಕೂಪ್’. ಸುಮಾರು 13 ದಿನಗಳ ಅವಧಿಯಲ್ಲಿ 838 ಕಿಲೋಸೆಕೆಂಡ್ ಒಡ್ಡಿಕೆ, 1,616 ಎಕ್ಸ್-ರೇ ಮೂಲಗಳು. ಇದರ ವೀಕ್ಷಣಾ ಸಂಖ್ಯೆಗಳು 4395, 3744, 4373, 4374, 4396, 3498. ಒಟ್ಟಿಗೆ ಆರನ್ನೂ ಎಳೆದುಕೊಳ್ಳಬೇಡಿ. ಎಲ್ಲಕ್ಕಿಂತ ಚಿಕ್ಕದಾದ 3498 ಒಂದನ್ನೇ ಹಿಡಿದು ಕೊನೆಯ ಹಂತದವರೆಗೆ ಹೋಗಿ. ಪ್ರಕಟವಾದ ಪಟ್ಟಿ ಲಭ್ಯವಿರುವುದರಿಂದ ನಿಮ್ಮ ಫಲಿತಾಂಶವನ್ನು ಅದರೊಂದಿಗೆ ಹೋಲಿಸಿ ನೋಡಬಹುದು. ಕಲಿಯುವಾಗ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

## ಹಂತ 3: ಇಳಿಸಿ, ಮರುಸಂಸ್ಕರಿಸಿ

‘ಡೌನ್‌ಲೋಡ್ ಚಂದ್ರ ಆಬ್ಸ್‌ಐಡಿ’ ಆದೇಶಕ್ಕೆ ವೀಕ್ಷಣಾ ಸಂಖ್ಯೆ ಕೊಟ್ಟರೆ ಒಂದು ಕಡತಕೋಶ ಇಳಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸುವವರು ಸಂಪರ್ಕ ಕಡಿದರೆ ಅದೇ ಆದೇಶವನ್ನು ಮತ್ತೆ ಕೊಡಿ.

ಒಳಗೆ ‘ಲೆವೆಲ್ 2’ ಎಂಬ ಸಿದ್ಧ ಕಡತ ಇರುತ್ತದೆ. ಅದನ್ನು ನೇರವಾಗಿ ಬಳಸಬೇಡಿ. ‘ಚಂದ್ರ ರೆಪ್ರೊ’ ಓಡಿಸಿ, ಇಂದಿನ ಮಾಪನಾಂಕಗಳಿಂದ ಹೊಸ ಕಡತ ಮಾಡಿಕೊಳ್ಳಿ. ಇಲ್ಲಿ ಒಂದು ಆಯ್ಕೆಯ ಬಗ್ಗೆ ಎಚ್ಚರ ಬೇಕು. ‘ಚೆಕ್ ವಿಎಫ್ ಪಿಎಚ್‌ಎ’ ಎಂಬುದನ್ನು ‘ಹೌದು’ ಎಂದು ಇಟ್ಟರೆ ಹಿನ್ನೆಲೆ ಕಡಿಮೆಯಾಗುತ್ತದೆ ನಿಜ, ಆದರೆ ಪ್ರಖರ ತಾರೆಗಳ ನಿಜವಾದ ಫೋಟಾನುಗಳೂ ಕಸವೆಂದು ಹೊರಗೆ ಹೋಗುತ್ತವೆ. ಹರಡಿಕೊಂಡ ಅನಿಲವನ್ನು ಅಭ್ಯಸಿಸುವವರಿಗೆ ಅದು ಸರಿ. ತಾರೆಗಳ ಕೆಲಸಕ್ಕೆ ‘ಇಲ್ಲ’ ಎಂದೇ ಬಿಡಿ.

ಈಗ ಡಿಎಸ್9ರಲ್ಲಿ ಹೊಸ ಕಡತ ತೆರೆದು, ಬಣ್ಣದ ಅಳತೆಯನ್ನು ಲಾಗರಿದಂ ಕ್ರಮಕ್ಕೆ ತಿರುಗಿಸಿ ನೋಡಿ. ನಾಲ್ಕು ಚಿಪ್‌ಗಳ ಚೌಕ, ಸುಮಾರು 17 ಆರ್ಕ್‌ಮಿನಿಟ್ ಅಗಲ. ನಡುವೆ ಟ್ರಪೀಜಿಯಂ ತಾರೆಗಳ ಪುಂಜ. ಅಂಚಿಗೆ ಹೋದಂತೆ ತಾರೆಗಳು ಉಬ್ಬಿ ಅಂಡಾಕಾರವಾಗುತ್ತವೆ. ಅದು ಕನ್ನಡಿಗಳ ಸ್ವಭಾವ, ದೋಷವಲ್ಲ. ಈ ಚಿತ್ರವನ್ನು ಸಾವಧಾನವಾಗಿ ನೋಡಿ. ಮುಂದೆ ತಂತ್ರಾಂಶ ಹೇಳುವುದನ್ನೆಲ್ಲ ಇದರ ಎದುರಿಗಿಟ್ಟೇ ಒಪ್ಪಬೇಕು.

## ಹಂತ 4: ಹಿನ್ನೆಲೆಯ ಏರಿಳಿತ ತೆಗೆಯಿರಿ

ಭೂಮಿಯ ಸುತ್ತಲಿನ ವಿದ್ಯುದಾವೇಶದ ಕಣಗಳು ಆಗಾಗ ಉಪಕರಣಕ್ಕೆ ಬಡಿದು ಹಿನ್ನೆಲೆಯನ್ನು ಒಮ್ಮೆಲೇ ಏರಿಸುತ್ತವೆ. ಆ ಹೊತ್ತಿನ ದತ್ತಾಂಶವನ್ನು ‘ಡಿಫ್ಲೇರ್’ ಆದೇಶದಿಂದ ತೆಗೆದುಹಾಕಬಹುದು.

ಎಳೆಯ ತಾರೆಗಳ ಕ್ಷೇತ್ರದಲ್ಲಿ ಇದನ್ನು ಕಣ್ಣುಮುಚ್ಚಿ ಮಾಡುವಂತಿಲ್ಲ. ಇಡೀ ಚಿತ್ರದ ಒಟ್ಟು ಎಣಿಕೆಯನ್ನು (ದಾಖಲಾದ ಫೋಟಾನುಗಳ ಸಂಖ್ಯೆಯನ್ನು) ಕಾಲದ ಎದುರು ಎಳೆದರೆ, ಅದರಲ್ಲಿ ಏಳುವ ಉಬ್ಬು ಒಂದು ಪ್ರಖರ ತಾರೆಯ ಜ್ವಾಲೆಯೂ ಆಗಿರಬಹುದು. ಅದನ್ನು ಹಿನ್ನೆಲೆಯೆಂದು ಕತ್ತರಿಸಿದರೆ ಕಥೆಯ ಮುಖ್ಯ ಭಾಗವನ್ನೇ ಎಸೆದಂತೆ. ಆದ್ದರಿಂದ ಮೊದಲು ಒಂದು ಕಚ್ಚಾ ಮೂಲಪಟ್ಟಿ ಮಾಡಿ, ಆ ಮೂಲಗಳನ್ನೆಲ್ಲ ವೃತ್ತ ಹಾಕಿ ತೆಗೆದು, ಉಳಿದ ಖಾಲಿ ಜಾಗದ ಎಣಿಕೆಯನ್ನು ಮಾತ್ರ ನೋಡಿ. ಅಲ್ಲಿ ಉಬ್ಬು ಇದ್ದರೆ ಅದು ಹಿನ್ನೆಲೆ. ಇಲ್ಲಿ ಬಳಸುವ ನಾಲ್ಕು ಚಿಪ್‌ಗಳು ಈ ಏರಿಳಿತಕ್ಕೆ ಅಷ್ಟಾಗಿ ಈಡಾಗುವುದಿಲ್ಲ. ಒಡ್ಡಿಕೆಯ ದೊಡ್ಡ ಪಾಲನ್ನು ಕತ್ತರಿಸಬೇಕು ಎಂದು ತಂತ್ರಾಂಶ ಹೇಳಿದರೆ, ಕತ್ತರಿಸುವ ಮೊದಲು ಮೂಲಗಳು ಪೂರ್ತಿ ಹೊರಹೋಗಿವೆಯೇ ಎಂದು ಪರೀಕ್ಷಿಸಿ.

## ಹಂತ 5: ಚಿತ್ರ ಮಾಡಿ, ಮೂಲಗಳನ್ನು ಹುಡುಕಿ

‘ಫ್ಲಕ್ಸ್‌ಇಮೇಜ್’ ಆದೇಶದಿಂದ ಮೂರು ಶಕ್ತಿಪಟ್ಟಿಗಳಲ್ಲಿ ಚಿತ್ರ ಮಾಡಿ: 0.5ರಿಂದ 2, 2ರಿಂದ 7, ಮತ್ತು ಒಟ್ಟಾರೆ 0.5ರಿಂದ 7 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಮುಂದೆ ಇದನ್ನು ಕೆ.ಇ.ವಿ. ಎನ್ನುತ್ತೇನೆ. ಪಿಕ್ಸೆಲ್‌ಗಳನ್ನು ಒಟ್ಟುಗೂಡಿಸದೆ 1ರ ಗಾತ್ರದಲ್ಲೇ ಇಡಿ. ಅದು 0.492 ಆರ್ಕ್‌ಸೆಕೆಂಡ್. ಕಡತ ಚಿಕ್ಕದಾಗಲೆಂದು ಇದನ್ನು 4 ಅಥವಾ 8 ಮಾಡಿದರೆ ಜೋಡಿತಾರೆಗಳು ಒಂದಾಗಿಬಿಡುತ್ತವೆ, ಮುಂದೆ ಅವನ್ನು ಯಾರೂ ಬಿಡಿಸಲಾರರು. ಜೊತೆಗೆ ಬರುವ ಎಕ್ಸ್‌ಪೋಷರ್ ನಕ್ಷೆಯನ್ನು ಅಳಿಸಬೇಡಿ. ಚಿಪ್‌ಗಳ ನಡುವಿನ ಸಂದಿನಲ್ಲಿ ಬೆಳಕು ಕಡಿಮೆ ಬೀಳುತ್ತದೆಂದು ತಂತ್ರಾಂಶಕ್ಕೆ ತಿಳಿಸುವುದೇ ಅದು.

ಆಮೇಲೆ ‘ಎಂಕೆಪಿಎಸ್‌ಎಫ್‌ಮ್ಯಾಪ್’ ಎಂಬ ಆದೇಶದಿಂದ ಬಿಂದುವಿನ ಹರವಿನ ನಕ್ಷೆ, ಅದರ ಹಿಂದೆ ‘ವೇವ್‌ಡಿಟೆಕ್ಟ್’ (ಟೈಪ್ ಮಾಡುವಾಗ ‘ವೇವ್’ನ ಕೊನೆಗೆ ‘ಇ’ ಅಕ್ಷರ ಬೇಡ). ಅಳತೆಗಳಾಗಿ 1, 2, 4, 8, 16 ಪಿಕ್ಸೆಲ್ ಕೊಡಿ. ಚಿಕ್ಕ ಅಳತೆಗಳು ನಡುವಿನ ಚೂಪಾದ ತಾರೆಗಳಿಗೆ, ದೊಡ್ಡವು ಅಂಚಿನ ಉಬ್ಬಿದ ತಾರೆಗಳಿಗೆ. ಹೊಸ್ತಿಲಿನ ಬೆಲೆ ಸಾಮಾನ್ಯವಾಗಿ ಹತ್ತು ಲಕ್ಷದಲ್ಲಿ ಒಂದು: ಹತ್ತು ಲಕ್ಷ ಪಿಕ್ಸೆಲ್‌ಗಳಿಗೆ ಸರಿಸುಮಾರು ಒಂದು ಸುಳ್ಳು ಮೂಲ ಎಂದು ತಿಳಿಯಿರಿ. ಹೆಚ್ಚು ತಾರೆಗಳು ಸಿಗಲೆಂದು ಇದನ್ನು ಸಡಿಲಿಸುವವರಿದ್ದಾರೆ. ಸಿಗುವುದು ಹೆಚ್ಚುತ್ತದೆ, ಜೊತೆಗೆ ಸುಳ್ಳೂ ಹೆಚ್ಚುತ್ತದೆ.

ಮೂರೂ ಶಕ್ತಿಪಟ್ಟಿಗಳಲ್ಲಿ ಬೇರೆ ಬೇರೆಯಾಗಿ ಹುಡುಕಿ ಪಟ್ಟಿಗಳನ್ನು ಸೇರಿಸಿ. ಈ ಒಂದು ಮಾತನ್ನು ಪಾಲಿಸದೆ ಕೈಬಿಟ್ಟ ತಾರೆಗಳೇ ಹಲವು ಬಾರಿ ಎಲ್ಲಕ್ಕಿಂತ ಕುತೂಹಲದವು. ದಟ್ಟ ಧೂಳಿನೊಳಗೆ ಹೂತಿರುವ ಶಿಶುತಾರೆಯ ಮೃದು ಎಕ್ಸ್-ರೇ ಹೊರಗೆ ಬರುವುದೇ ಇಲ್ಲ, 2 ಕೆ.ಇ.ವಿ.ಗಿಂತ ಮೇಲಿನದು ಮಾತ್ರ ತೂರಿ ಬರುತ್ತದೆ. ಒಟ್ಟು ಚಿತ್ರದಲ್ಲಿ ಅದು ಅಕ್ಕಪಕ್ಕದವರ ಹೊಳಪಿನಲ್ಲಿ ಮುಳುಗಿಹೋಗಿರುತ್ತದೆ.

## ಹಂತ 6: ಒಂದೊಂದನ್ನೂ ಕಣ್ಣಾರೆ ನೋಡಿ

ಪಟ್ಟಿಯ ವೃತ್ತಗಳನ್ನು ಡಿಎಸ್9 ಚಿತ್ರದ ಮೇಲೆ ಹಾಕಿ. ಬೇಸರದ ಕೆಲಸ, ಆದರೆ ಇದಕ್ಕೆ ಬದಲಿ ಇಲ್ಲ. ಹೀಗೆ ನೋಡುವಾಗ ನಾಲ್ಕು ಬಗೆಯ ಸುಳ್ಳುಗಳು ಸಿಗುತ್ತವೆ.

ಮೊದಲನೆಯದು, ಪ್ರಖರ ತಾರೆಯ ಮೂಲಕ ಹಾದುಹೋಗುವ ನೇರ ಗೆರೆಯ ಮೇಲೆ ಮಣಿಗಳಂತೆ ಸಾಲಾಗಿ ಬಿದ್ದ ಮೂಲಗಳು. ಚಿಪ್‌ನಿಂದ ಎಣಿಕೆಗಳನ್ನು ಓದಿ ಹೊರತೆಗೆಯುವಾಗಲೂ ತಾರೆಯ ಬೆಳಕು ಬೀಳುತ್ತಿರುವುದರಿಂದ ಈ ಗೆರೆ ಮೂಡುತ್ತದೆ. ಎರಡನೆಯದು, ಚಿಪ್ ಅಂಚಿಗೆ ಅಂಟಿಕೊಂಡವು. ಮೂರನೆಯದು, ಟ್ರಪೀಜಿಯಂನ ಅತಿ ಪ್ರಖರ ತಾರೆಯಾದ ಥೀಟಾ-1 ಓರಿಯೋನಿಸ್ ಸಿಯ ಸುತ್ತಲಿನ ಪ್ರಭೆಯಲ್ಲಿ ಕಾಣುವ ‘ಉಪತಾರೆಗಳು’. ಇವುಗಳಲ್ಲಿ ನಿಜವಾದವೂ ಇವೆ. ತೀರ್ಮಾನಕ್ಕೆ ಅವಗೆಂಪು ಚಿತ್ರ ಬೇಕು, ಹಾಗಾಗಿ ಸದ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದುವರಿಯಿರಿ. ನಾಲ್ಕನೆಯದು ಸುಳ್ಳಲ್ಲ, ಅರ್ಧಸತ್ಯ: ಒಂದೇ ವೃತ್ತದೊಳಗೆ ಎರಡು ಶಿಖರಗಳು. ವೃತ್ತ ಉದ್ದುದ್ದವಾಗಿದ್ದರೆ, ಅದೂ ಚಿತ್ರದ ನಡುವಿನಲ್ಲಿ, ಅನುಮಾನಪಡಿ.

ಇದೇ ಹಂತದಲ್ಲಿ ‘ಪೈಲ್-ಅಪ್’ ಪರೀಕ್ಷೆಯೂ ಆಗಬೇಕು. ಏಸಿಸ್ ಉಪಕರಣ ಸುಮಾರು 3.2 ಸೆಕೆಂಡಿಗೊಮ್ಮೆ ಚಿತ್ರವನ್ನು ಓದುತ್ತದೆ. ಆ ಅವಧಿಯಲ್ಲಿ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ದರೆ ಅವೆರಡೂ ಸೇರಿ ಒಂದೇ ಹೆಚ್ಚು ಶಕ್ತಿಯ ಫೋಟಾನ್ ಎಂದು ದಾಖಲಾಗುತ್ತದೆ, ಇಲ್ಲವೇ ಕಣದ ಹೊಡೆತವೆಂದು ತಿರಸ್ಕೃತವಾಗುತ್ತದೆ. ಫಲಿತಾಂಶ: ತಾರೆ ಇರುವುದಕ್ಕಿಂತ ಮಂಕಾಗಿ, ಇರುವುದಕ್ಕಿಂತ ಬಿಸಿಯಾಗಿ ಕಾಣುತ್ತದೆ. ಲೆಕ್ಕ ಸುಲಭ. ಸೆಕೆಂಡಿಗೆ 0.01 ಎಣಿಕೆ ಬರುವ ಮೂಲಕ್ಕೆ ಒಂದು ಚೌಕಟ್ಟಿಗೆ 0.03 ಎಣಿಕೆ, ಭಯವಿಲ್ಲ. ಸೆಕೆಂಡಿಗೆ 0.1 ಎಣಿಕೆಯಾದರೆ ಚೌಕಟ್ಟಿಗೆ 0.32, ಆ ರೋಹಿತವನ್ನು ಹಾಗೆಯೇ ನಂಬುವಂತಿಲ್ಲ. ‘ಪೈಲ್‌ಅಪ್ ಮ್ಯಾಪ್’ ಆದೇಶ ಈ ನಕ್ಷೆಯನ್ನು ತಾನೇ ಮಾಡಿಕೊಡುತ್ತದೆ. ತೀರಾ ಪ್ರಖರವಾದ ತಾರೆಯ ನಟ್ಟನಡುವೆ ಗುಂಡಿ ಬಿದ್ದಂತೆ ಕಪ್ಪಾಗಿದ್ದರೆ ಅದು ಪೈಲ್-ಅಪ್‌ನ ಕಣ್ಣಿಗೆ ಕಾಣುವ ಗುರುತು. ಅಂಥವನ್ನು ಮೊದಲ ಪ್ರಾಜೆಕ್ಟಿನಲ್ಲಿ ಕೈಬಿಡುವುದೇ ಮೇಲು. ಜ್ವಾಲೆಯ ಸಮಯದಲ್ಲಿ ಮಾತ್ರ ಪೈಲ್-ಅಪ್ ಆಗುವ ತಾರೆಗಳೂ ಇವೆ, ಸರಾಸರಿ ನೋಡಿ ಸುಮ್ಮನಾಗಬೇಡಿ.

## ಹಂತ 7: ಸ್ಥಾನ ತಿದ್ದಿ, ತಾರೆ ಯಾವುದೆಂದು ಗುರುತಿಸಿ

ಚಂದ್ರ ಕೊಡುವ ಸ್ಥಾನ ಬಹಳ ನಿಖರವಾದರೂ ಇಡೀ ಚಿತ್ರ ಆರ್ಕ್‌ಸೆಕೆಂಡಿನ ಒಂದು ಭಾಗದಷ್ಟು ಪಕ್ಕಕ್ಕೆ ಸರಿದಿರಬಹುದು. ಟ್ರಪೀಜಿಯಂ ಸುತ್ತಮುತ್ತ ಅಷ್ಟೇ ಸಾಕು ತಪ್ಪು ತಾರೆಗೆ ಹೆಸರು ಬೀಳಲು. ಪ್ರಖರವಾದ, ಚಿತ್ರದ ನಡುವಿಗೆ ಹತ್ತಿರವಾದ ಕೆಲವು ಮೂಲಗಳನ್ನು ಅವಗೆಂಪು ಪಟ್ಟಿಯೊಂದಿಗೆ ಹೊಂದಿಸಿ, ‘ಡಬ್ಲ್ಯೂಸಿಎಸ್ ಮ್ಯಾಚ್’, ‘ಡಬ್ಲ್ಯೂಸಿಎಸ್ ಅಪ್‌ಡೇಟ್’ ಆದೇಶಗಳಿಂದ ಆ ಜಾರಿಕೆಯನ್ನು ತಿದ್ದಿ.

ಯಾವ ಪಟ್ಟಿಯೊಂದಿಗೆ ಹೋಲಿಸಬೇಕು? ಎಲ್ಲರ ಕೈ ಮೊದಲು ಹೋಗುವುದು ತಾರೆಗಳ ಸ್ಥಾನ, ದೂರ ಅಳೆದ ಗಾಯಾ ಉಪಗ್ರಹದ ಪಟ್ಟಿಗೆ. ದೂರ ತಿಳಿಯಲು ಅದು ಬೇಕೇ ಬೇಕು. ಆದರೆ ಧೂಳಿನಲ್ಲಿ ಹೂತ ತಾರೆಗಳು ಗಾಯಾಗೆ ಕಾಣುವುದಿಲ್ಲ. ಟೂಮಾಸ್‌ನಂಥ ಅವಗೆಂಪು ಪಟ್ಟಿ ಮೊದಲು, ಗಾಯಾ ಆಮೇಲೆ. ಹೊಂದಿಸುವ ತ್ರಿಜ್ಯ ನಡುವಿನಲ್ಲಿ 1 ಆರ್ಕ್‌ಸೆಕೆಂಡ್ ಸಾಕು, ಅಂಚಿಗೆ ಹೋದಂತೆ ಹಿಗ್ಗಿಸಿ. ಎಲ್ಲ ಕಡೆ 5 ಆರ್ಕ್‌ಸೆಕೆಂಡ್ ಎಂದು ಇಟ್ಟರೆ ಎಲ್ಲದಕ್ಕೂ ಜೋಡಿ ಸಿಗುತ್ತದೆ, ಅದರಲ್ಲಿ ಅರ್ಥವಿರುವುದಿಲ್ಲ.

ನಿಮ್ಮ ಹೊಂದಾಣಿಕೆಯಲ್ಲಿ ಎಷ್ಟು ಆಕಸ್ಮಿಕ ಎಂದು ತಿಳಿಯುವ ದಾರಿಯೊಂದಿದೆ. ನಿಮ್ಮ ಎಕ್ಸ್-ರೇ ಪಟ್ಟಿಯ ಸ್ಥಾನಗಳನ್ನೆಲ್ಲ ಬೇಕೆಂದೇ 15 ಆರ್ಕ್‌ಸೆಕೆಂಡ್ ಪಕ್ಕಕ್ಕೆ ಸರಿಸಿ, ಮತ್ತೆ ಹೊಂದಿಸಿ. ಈಗ ಸಿಗುವ ಜೋಡಿಗಳೆಲ್ಲ ಆಕಸ್ಮಿಕವೇ. ನಾಲ್ಕೂ ದಿಕ್ಕಿಗೆ ಹೀಗೆ ಮಾಡಿ ಸರಾಸರಿ ತೆಗೆದು ವರದಿಯಲ್ಲಿ ಬರೆಯಿರಿ. ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಗೆ ಅದೇ ಉತ್ತರ.

ಈಗ ಸದಸ್ಯತ್ವ, ಅಂದರೆ ತಾರೆ ಈ ನೀಹಾರಿಕೆಗೇ ಸೇರಿದ್ದೇ ಎಂಬ ಪ್ರಶ್ನೆ. ಓರಿಯನ್ ನೀಹಾರಿಕೆ ಸುಮಾರು 400 ಪಾರ್ಸೆಕ್ ದೂರದಲ್ಲಿದೆ, ಅಂದರೆ ಸುಮಾರು 1,300 ಜ್ಯೋತಿರ್ವರ್ಷ. ಆ ದೂರದ ತಾರೆಗೆ ಗಾಯಾ ತೋರಿಸುವ ಪಲ್ಲಟ (ಭೂಮಿ ಸೂರ್ಯನನ್ನು ಸುತ್ತುವಾಗ ತಾರೆಯ ಸ್ಥಾನ ಸರಿದಂತೆ ಕಾಣುವ ಕೋನ; ಹತ್ತಿರದ ತಾರೆಗೆ ಹೆಚ್ಚು) 2.5 ಮಿಲಿಆರ್ಕ್‌ಸೆಕೆಂಡ್. ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದು, ಎಕ್ಸ್-ರೇ ಮೃದುವಾಗಿದ್ದರೆ ಅದು ಮುಂದೆ ನಿಂತ ಹಳೆಯ ತಾರೆ. ಮಂಕಾದ, ಗಟ್ಟಿ ಶಕ್ತಿಯ, ಅವಗೆಂಪಿನಲ್ಲಿ ಜೋಡಿ ಇಲ್ಲದ, ಏರಿಳಿತವೂ ಇಲ್ಲದ ಮೂಲ ಬಹುಪಾಲು ಹಿನ್ನೆಲೆಯ ಸಕ್ರಿಯ ಗ್ಯಾಲಕ್ಸಿ. ಕೂಪ್‌ನ 1,616 ಮೂಲಗಳಲ್ಲಿ ನೀಹಾರಿಕೆಯವೆಂದು ತೀರ್ಮಾನವಾದದ್ದು ಸುಮಾರು 1,400. ನಿಮ್ಮ ಪಟ್ಟಿಯಲ್ಲಿ ಎಲ್ಲವೂ ಸದಸ್ಯರೇ ಎಂದು ಬಂದರೆ ಈ ಹಂತವನ್ನು ಮತ್ತೊಮ್ಮೆ ಮಾಡಿ.

ಸುತ್ತಲಿನ ಧೂಳಿನ ತಟ್ಟೆ ಕರಗಿಹೋದ ಎಳೆಯ ತಾರೆಗಳು ಅವಗೆಂಪಿನಲ್ಲಿ ಸಾಮಾನ್ಯ ತಾರೆಗಳಂತೆಯೇ ಕಾಣುತ್ತವೆ. ಎಕ್ಸ್-ರೇಯಲ್ಲಿ ಮಾತ್ರ ಅವುಗಳ ವಯಸ್ಸು ಹೊರಬೀಳುತ್ತದೆ. ಆದ್ದರಿಂದ ಅವಗೆಂಪಿನಲ್ಲಿ ತಟ್ಟೆಯ ಗುರುತಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೊರಹಾಕಬೇಡಿ.

## ಹಂತ 8: ಕಾಲದೊಂದಿಗೆ ಬದಲಾವಣೆ

ಎಳೆಯ ತಾರೆಗಳ ಎಕ್ಸ್-ರೇ ಹುಟ್ಟುವುದು ಬಹುತೇಕ ಕಾಂತಕ್ಷೇತ್ರದ ಚಟುವಟಿಕೆಯಿಂದ. ಸೂರ್ಯನಿಗಿಂತ ಸಾವಿರಾರು ಪಟ್ಟು ಪ್ರಬಲವಾದ ಜ್ವಾಲೆಗಳು ಏಳುತ್ತವೆ, ಆಗ ಅನಿಲದ ತಾಪ 10 ಕೋಟಿ ಡಿಗ್ರಿಯನ್ನೂ ಮುಟ್ಟುತ್ತದೆ. ಜ್ವಾಲೆಯ ಆಕಾರ ಗುರುತಿಸುವುದು ಸುಲಭ: ಥಟ್ಟನೆ ಏರುತ್ತದೆ, ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಜ್ವಾಲೆಯನ್ನೂ ಶಾಂತ ಸಮಯವನ್ನೂ ಒಟ್ಟುಗೂಡಿಸಿ ಒಂದೇ ರೋಹಿತ ಮಾಡಿದರೆ ಸಿಗುವ ತಾಪ ಎರಡರದ್ದೂ ಅಲ್ಲ. ಈ ಹಂತ ರೋಹಿತಕ್ಕಿಂತ ಮೊದಲೇ ಬರಬೇಕಾದದ್ದು ಇದಕ್ಕೇ.

‘ಜಿಎಲ್‌ವೇರಿ’ ಆದೇಶ ಪ್ರತಿ ಮೂಲಕ್ಕೂ 0ಯಿಂದ 10ರವರೆಗೆ ಒಂದು ಸೂಚ್ಯಂಕ ಕೊಡುತ್ತದೆ. 6 ಅಥವಾ ಹೆಚ್ಚಿದ್ದರೆ ಮೂಲ ಖಚಿತವಾಗಿ ಬದಲಾಗುತ್ತಿದೆ. ಆನಂತರ ‘ಡಿಎಂಎಕ್ಸ್‌ಟ್ರ್ಯಾಕ್ಟ್’ನಿಂದ ಬೆಳಕಿನ ರೇಖೆ ಎಳೆಯಿರಿ. ಪ್ರತಿ ಕಾಲಖಂಡದಲ್ಲಿ ಕನಿಷ್ಠ ಹತ್ತಿಪ್ಪತ್ತು ಎಣಿಕೆ ಬರುವಷ್ಟು ಅಗಲ ಇಡಿ.

ಎಚ್ಚರದ ಗುರುತು ಎರಡು. ಚಂದ್ರ ಉಪಗ್ರಹ ವೀಕ್ಷಣೆಯ ಉದ್ದಕ್ಕೂ ಬೇಕೆಂದೇ ಮೆಲ್ಲಗೆ ಓಲಾಡುತ್ತದೆ. ಏಸಿಸ್‌ನಲ್ಲಿ ಆ ಓಲಾಟದ ಅವಧಿಗಳು ಸುಮಾರು 707 ಮತ್ತು 1,000 ಸೆಕೆಂಡ್. ಚಿಪ್ ಅಂಚಿನ ತಾರೆ ಪ್ರತಿ ಓಲಾಟಕ್ಕೂ ಒಳಗೆ ಹೊರಗೆ ಹೋಗಿಬರುತ್ತದೆ. ನಿಮ್ಮ ತಾರೆಗೆ ಈ ಎರಡರಲ್ಲೊಂದು ಅವಧಿಯ ಏರಿಳಿತ ಸಿಕ್ಕಿದರೆ ಸಂಭ್ರಮಿಸುವ ಮುನ್ನ ಅದು ಚಿಪ್‌ನಲ್ಲಿ ಎಲ್ಲಿದೆ ನೋಡಿ. ಇನ್ನೊಂದು, ಆರು ವೀಕ್ಷಣೆಗಳನ್ನು ಜೋಡಿಸಿದಾಗ ನಡುವೆ ಬೀಳುವ ಬಿಡುವುಗಳು. ಉಪಗ್ರಹ ಭೂಮಿಯ ವಿಕಿರಣ ಪಟ್ಟಿಗಳನ್ನು ಹಾಯುವಾಗ ವೀಕ್ಷಣೆ ನಿಲ್ಲುತ್ತದೆ. ಆ ಬಿಡುವುಗಳನ್ನು ಸೊನ್ನೆ ಎಣಿಕೆಯೆಂದು ಚಿತ್ರಿಸಿದರೆ ತಾರೆ ಆರಿಹೋದಂತೆ ಕಾಣುತ್ತದೆ.

## ಹಂತ 9: ಈಗ ರೋಹಿತ

‘ಸ್ಪೆಕ್‌ಎಕ್ಸ್‌ಟ್ರ್ಯಾಕ್ಟ್’ ಓಡಿಸಿ. ಬಿಂದುಮೂಲವಾದ್ದರಿಂದ ‘ವೆಯ್ಟ್’ ಅನ್ನು ‘ಇಲ್ಲ’, ‘ಕರೆಕ್ಟ್‌ಪಿಎಸ್‌ಎಫ್’ ಅನ್ನು ‘ಹೌದು’ ಎಂದು ಇಡಿ. ಹಿನ್ನೆಲೆಗೆ ತಾರೆಯ ಸುತ್ತ ಬಳೆಯಾಕಾರದ ಜಾಗ ಸಾಮಾನ್ಯ. ನೀಹಾರಿಕೆಯ ನಡುವೆ ಆ ಬಳೆಯೊಳಗೆ ಬೇರೆ ತಾರೆಗಳು ಬೀಳುತ್ತವೆ, ಅವನ್ನು ತೆಗೆದುಹಾಕಿ.

ಎಣಿಕೆಗಳನ್ನು ನೋಡಿ ದಾರಿ ಆರಿಸಿ. ತೀರಾ ಮಂಕಾದ ಮೂಲಕ್ಕೆ ಮಾದರಿಯೇ ಬೇಡ. ವೃತ್ತದೊಳಗೆ ಒಂಬತ್ತೇ ಫೋಟಾನ್ ಇವೆ, ಅವುಗಳ ಶಕ್ತಿ ಕೆ.ಇ.ವಿ.ಯಲ್ಲಿ 1.1, 2.3, 2.8, 3.1, 3.4, 3.9, 4.2, 4.9, 6.5 ಎಂದಿಟ್ಟುಕೊಳ್ಳಿ. ನಡುವಿನದು 3.4. ಇದೇ ಮಧ್ಯಕ ಶಕ್ತಿ. 6.5ರ ಫೋಟಾನ್ ಹಿನ್ನೆಲೆಯದೆಂದು ತೆಗೆದರೂ ಮಧ್ಯಕ 3.25ಕ್ಕೆ ಮಾತ್ರ ಇಳಿಯುತ್ತದೆ. ಒಂದೆರಡು ದಾರಿತಪ್ಪಿದ ಫೋಟಾನ್‌ಗಳಿಂದ ಅದು ಅಲುಗುವುದಿಲ್ಲ, ಈ ಗುಣವೇ ಮಂಕು ತಾರೆಗಳಿಗೆ ಬೇಕಾದದ್ದು. ಮಧ್ಯಕ 1.2ರ ಆಸುಪಾಸಿದ್ದರೆ ಧೂಳು ಕಡಿಮೆ, 3ಕ್ಕಿಂತ ಮೇಲಿದ್ದರೆ ತಾರೆ ಆಳವಾಗಿ ಹೂತಿದೆ. ಒಂಬತ್ತು ಫೋಟಾನ್‌ಗಳಿಗೆ ಎರಡು ತಾಪಗಳ ಮಾದರಿ ಹಾಕುವ ಬದಲು ಈ ಒಂದು ಅಂಕಿಯನ್ನು ಕೊಡಿ. ಅದು ಪ್ರಾಮಾಣಿಕ.

ನೂರಕ್ಕೂ ಹೆಚ್ಚು ಎಣಿಕೆ ಇರುವವಕ್ಕೆ ಸಿಯಾವೋದ ಭಾಗವಾದ ‘ಶೆರ್ಪಾ’ದಲ್ಲಿ ಮಾದರಿ ಹೊಂದಿಸಿ: ಧೂಳು ಮತ್ತು ಅನಿಲದ ಹೀರಿಕೆಗೆ ‘ಟಿಬಿಆ್ಯಬ್ಸ್’, ಬಿಸಿ ಅನಿಲಕ್ಕೆ ‘ಏಪೆಕ್’. ಲೋಹಾಂಶವನ್ನು ಸೂರ್ಯನ 0.3ರಷ್ಟಕ್ಕೆ ಕಟ್ಟಿಹಾಕಿ. ಎಳೆಯ ತಾರೆಗಳ ಅಧ್ಯಯನಗಳಲ್ಲಿ ರೂಢಿಯಲ್ಲಿರುವ ಬೆಲೆ ಅದು. ಒಂದು ತಾಪದಿಂದ ಆರಂಭಿಸಿ, ಸಾಲದಿದ್ದರೆ ಮಾತ್ರ ಎರಡನೆಯದು ಸೇರಿಸಿ. ವ್ಯಾಪ್ತಿ 0.5ರಿಂದ 8 ಕೆ.ಇ.ವಿ., ಅದಕ್ಕಿಂತ ಮೇಲೆ ಉಳಿಯುವುದು ಹಿನ್ನೆಲೆಯೇ.

ಅಂಕಿಅಂಶದ ವಿಧಾನದಲ್ಲೇ ಹೆಚ್ಚು ಜನ ಜಾರುತ್ತಾರೆ. ನೀವು ಏನೂ ಹೇಳದಿದ್ದರೆ ಶೆರ್ಪಾ, ಮಾದರಿ ಎಷ್ಟು ಹೊಂದಿದೆ ಎಂದು ಅಳೆಯಲು ‘ಕೈ-ವರ್ಗ ಗೆರೆಲ್ಸ್’ ಬಳಸುತ್ತದೆ. ಎಣಿಕೆ ಕಡಿಮೆ ಇದ್ದಾಗ ಅದು ದೋಷದ ಅಂದಾಜನ್ನು ಉಬ್ಬಿಸುವುದರಿಂದ ಎಂಥ ಮಾದರಿಯೂ ಚೆನ್ನಾಗಿ ಹೊಂದಿದಂತೆ ತೋರುತ್ತದೆ. ಆರಂಭದಲ್ಲಿ ಹೇಳಿದ ಅಂದದ ಗೆರೆಗಳ ಹಿಂದೆ ಹಲವು ಬಾರಿ ಇರುವುದು ಇದೇ. ಕಡಿಮೆ ಎಣಿಕೆಗೆ ‘ಡಬ್ಲ್ಯೂಸ್ಟ್ಯಾಟ್’ ಬಳಸಿ, ಆಗ ಹಿನ್ನೆಲೆಯನ್ನು ಕಳೆಯಬೇಡಿ. ಅದನ್ನು ಆ ವಿಧಾನವೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಳೆದ ಮೇಲೆ ಡಬ್ಲ್ಯೂಸ್ಟ್ಯಾಟ್ ಹಾಕಿದರೆ ಉತ್ತರಕ್ಕೆ ಬೆಲೆಯಿಲ್ಲ.

ಕೆಳಗಿನವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ:

1. ತಾಪ ಏಪೆಕ್‌ನ ಮೇಲ್ಮಿತಿಯಾದ 64 ಕೆ.ಇ.ವಿ.ಗೆ ಹೋಗಿ ಅಂಟಿಕೊಂಡಿದೆ. ಪೈಲ್-ಅಪ್ ಇರಬಹುದು, ಅಥವಾ ಅದು ತಾರೆಯೇ ಅಲ್ಲ, ಹಿನ್ನೆಲೆಯ ಗ್ಯಾಲಕ್ಸಿ.

2. ಸಂಕುಚಿತ ಕೈ-ವರ್ಗ 0.5ಕ್ಕಿಂತ ಕೆಳಗಿದೆ. ಮಾದರಿ ಒಳ್ಳೆಯದೆಂದಲ್ಲ, ದೋಷದ ಅಂದಾಜು ತಪ್ಪೆಂದು.

3. ಹೀರಿಕೆ ಬಹಳ ಹೆಚ್ಚು, ತಾಪ ಬಹಳ ಕಡಿಮೆ, ಆದರೆ ಹೀರಿಕೆ ತಿದ್ದಿದ ಪ್ರಕಾಶ ನಂಬಲಾಗದಷ್ಟು ದೊಡ್ಡದು. ಇದು ಎಲ್ಲಕ್ಕಿಂತ ಅಪಾಯಕಾರಿ. ಕಾಣದ ಮೃದು ಎಕ್ಸ್-ರೇಯನ್ನು ಧೂಳಿನ ಹಿಂದೆ ಬೇಕಾದಷ್ಟು ಬಚ್ಚಿಡಲು ಮಾದರಿಗೆ ಅವಕಾಶವಿದೆ, ಅದು ಹಾಗೆಯೇ ಮಾಡುತ್ತದೆ.

ಮೂರನೆಯದಕ್ಕೆ ಮದ್ದು ಹೊರಗಿನಿಂದ ಬರಬೇಕು. ಅವಗೆಂಪು ಬಣ್ಣಗಳಿಂದ ತಾರೆಯ ಮುಂದಿನ ಧೂಳಿನ ಅಂದಾಜು ಸಿಗುತ್ತದೆ. ದೃಗ್ಗೋಚರ ಬೆಳಕಿನಲ್ಲಿ 1 ಕಾಂತಿಮಾನದಷ್ಟು (ಮ್ಯಾಗ್ನಿಟ್ಯೂಡ್) ಮಂಕಾಗಿಸುವ ಧೂಳಿನ ಜೊತೆ ಚದರ ಸೆಂಟಿಮೀಟರಿಗೆ ಸುಮಾರು 2×10²¹ ಹೈಡ್ರೋಜನ್ ಪರಮಾಣುಗಳಿರುತ್ತವೆ. ಧೂಳು 5 ಕಾಂತಿಮಾನ ಎಂದಾದರೆ ಹೀರಿಕೆ 10²²ರ ಸುತ್ತ ಇರಬೇಕು. ನಿಮ್ಮ ಮಾದರಿ ಅದರ ಐದಾರು ಪಟ್ಟು ಹೇಳಿದರೆ ಹೀರಿಕೆಯನ್ನು ಈ ಬೆಲೆಗೆ ಕಟ್ಟಿ ಮತ್ತೆ ಹೊಂದಿಸಿ.

## ಹಂತ 10: ಪ್ರಕಾಶ ಮತ್ತು ಅಂತಿಮ ಪಟ್ಟಿ

ಫ್ಲಕ್ಸ್‌ನಿಂದ (ನಮಗೆ ತಲುಪುವ ಬೆಳಕು) ಪ್ರಕಾಶಕ್ಕೆ (ತಾರೆ ಹೊರಸೂಸುವ ಒಟ್ಟು ಬೆಳಕು) ಹೋಗುವ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ. 400 ಪಾರ್ಸೆಕ್ ಎಂದರೆ 1.23×10²¹ ಸೆಂಟಿಮೀಟರ್. ಅದರ ವರ್ಗವನ್ನು 4π ಇಂದ ಗುಣಿಸಿದರೆ ಸುಮಾರು 1.9×10⁴³. ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 10⁻¹⁴ ಅರ್ಗ್ ಫ್ಲಕ್ಸ್ ಇರುವ ತಾರೆಯ ಪ್ರಕಾಶ ಸೆಕೆಂಡಿಗೆ 1.9×10²⁹ ಅರ್ಗ್. ಕಡಿಮೆ ತೂಕದ ಎಳೆಯ ತಾರೆಗಳು ಸಾಮಾನ್ಯವಾಗಿ 10²⁸ ಮತ್ತು 10³¹ರ ನಡುವೆ ಬೀಳುತ್ತವೆ. ನಿಮ್ಮದು ಆಚೆ ಹೋದರೆ ಘಟಕ ಬದಲಿಸುವಾಗ ಎಲ್ಲೋ ಹತ್ತರ ಘಾತ ತಪ್ಪಿದೆಯೇ ನೋಡಿ. ದೂರದಲ್ಲಿ ನೂರಕ್ಕೆ 10ರಷ್ಟು ತಪ್ಪಿದ್ದರೆ ಪ್ರಕಾಶದಲ್ಲಿ ಸುಮಾರು 20ರಷ್ಟು ತಪ್ಪಾಗುತ್ತದೆ, ಅದನ್ನೂ ದೋಷದ ಲೆಕ್ಕಕ್ಕೆ ಸೇರಿಸಿ.

ತಾರೆಯ ಒಟ್ಟು ಪ್ರಕಾಶ ಗೊತ್ತಿದ್ದರೆ ಇನ್ನೊಂದು ಪರೀಕ್ಷೆಯೂ ಸಾಧ್ಯ. ಸೂರ್ಯನಂಥ ಎಳೆಯ ತಾರೆಗಳ ಶಾಂತ ಸಮಯದ ಎಕ್ಸ್-ರೇ ಒಟ್ಟು ಪ್ರಕಾಶದ ಸಾವಿರದಲ್ಲೊಂದು ಪಾಲಿನ ಸುತ್ತ ನಿಲ್ಲುತ್ತದೆ. ಭಾರೀ ತಾರೆಗಳಲ್ಲಿ ಎಕ್ಸ್-ರೇ ಹೆಚ್ಚಾಗಿ ಬರುವುದು ಬಿರುಗಾಳಿಯಂಥ ಹೊರಹರಿವಿನ ಆಘಾತಗಳಿಂದ, ಅಲ್ಲಿ ಅನುಪಾತ ಕೋಟಿಯಲ್ಲೊಂದರ ಹತ್ತಿರ. ನೂರರಲ್ಲೊಂದು ಎಂದು ಬಂದರೆ ಜೋಡಿಸಿದ ತಾರೆಯೇ ತಪ್ಪಿರಬಹುದು: ಹಂತ 7ಕ್ಕೆ ಹಿಂತಿರುಗಿ.

ಅಂತಿಮ ಪಟ್ಟಿಯಲ್ಲಿ ಪ್ರತಿ ಮೂಲಕ್ಕೂ ಸ್ಥಾನ, ಚಿತ್ರದ ನಡುವಿನಿಂದ ದೂರ, ನಿವ್ವಳ ಎಣಿಕೆ, ಮಧ್ಯಕ ಶಕ್ತಿ, ಏರಿಳಿತದ ಸೂಚ್ಯಂಕ, ಜೋಡಿಯ ಹೆಸರು, ಪೈಲ್-ಅಪ್ ಗುರುತು ಇರಲಿ. ಹೀರಿಕೆ ಮತ್ತು ತಾಪದ ಕಂಬಸಾಲುಗಳನ್ನು ಎಣಿಕೆ ಸಾಕಷ್ಟಿರುವವಕ್ಕೆ ಮಾತ್ರ ತುಂಬಿ, ಉಳಿದವನ್ನು ಖಾಲಿ ಬಿಡಿ. ಅವಗೆಂಪಿನಲ್ಲಿದ್ದೂ ಎಕ್ಸ್-ರೇಯಲ್ಲಿ ಸಿಗದ ತಾರೆಗಳಿಗೆ ‘ಎಸ್‌ಆರ್‌ಸಿಫ್ಲಕ್ಸ್’ ಆದೇಶದಿಂದ ಮೇಲ್ಮಿತಿ ಲೆಕ್ಕ ಹಾಕಿ ಅವನ್ನೂ ಸೇರಿಸಿ. ಪ್ರಖರವಾದವನ್ನಷ್ಟೇ ಇಟ್ಟುಕೊಂಡು ತೆಗೆದ ಸರಾಸರಿ ಯಾವಾಗಲೂ ಮೇಲಕ್ಕೇ ವಾಲುತ್ತದೆ.

3498ರಲ್ಲಿ ಇಷ್ಟೂ ಸರಿಯಾಗಿ ಬಂದು, ಪ್ರಖರ ಮೂಲಗಳು ಕೂಪ್ ಪಟ್ಟಿಯೊಂದಿಗೆ ಹೊಂದಿದ ಮೇಲೆ ಉಳಿದ ಐದು ವೀಕ್ಷಣೆಗಳನ್ನು ತೆಗೆದುಕೊಳ್ಳಿ. ಚಿತ್ರಗಳನ್ನು ‘ಮರ್ಜ್ ಆಬ್ಸ್’ನಿಂದ ಒಂದುಗೂಡಿಸಿ ಮಂಕು ಮೂಲಗಳನ್ನು ಹುಡುಕಬಹುದು. ರೋಹಿತವನ್ನು ಮಾತ್ರ ಒಂದುಗೂಡಿಸಿದ ಕಡತದಿಂದ ತೆಗೆಯಬೇಡಿ. ಪ್ರತಿ ವೀಕ್ಷಣೆಯಿಂದ ಅದರದೇ ಪ್ರತಿಕ್ರಿಯೆಯ (ಉಪಕರಣ ಆಗ ಹೇಗೆ ಸ್ಪಂದಿಸುತ್ತಿತ್ತೆಂದು ಹೇಳುವ) ಕಡತಗಳೊಂದಿಗೆ ಬೇರೆ ಬೇರೆಯಾಗಿ ತೆಗೆದು, ಶೆರ್ಪಾದಲ್ಲಿ ಆರನ್ನೂ ಏಕಕಾಲಕ್ಕೆ ಒಂದೇ ಮಾದರಿಗೆ ಹೊಂದಿಸಿ.